ಪುಟ ಹದಿನಾಲ್ಕರ ಎಡಪಾದ

ಫೆಬ್ರವರಿ ೯

ಅಮ್ಮಾ,

ನಿನ್ನೆ ಅಣ್ಣನ ಫೋನಿಗೆ ಕರೆ ಮಾಡಿದ್ದೆ. ಅವನು ನಿನ್ನ ಕೈಗೆ ಕೊಟ್ಟ. ನೀನು ಐದು ಸಲ "ಹಾಂ?" ಅಂದೆ, ಆರನೆಯ ಸಲ "ಊಟ ಆಯ್ತು" ಅಂದೆ. ನಾನು ಊಟದ ವಿಷಯ ಕೇಳಿರಲೇ ಇಲ್ಲ. ಹಾಗಾಗಿ ಇನ್ನು ಮುಂದೆ ಹೇಳುವುದನ್ನೆಲ್ಲ ಬರೆದೇ ಹೇಳುತ್ತೇನೆ.

ಕಂಪನಿಯವರು ನನ್ನ ಅಂಗಡಿಯ ಒಪ್ಪಂದವನ್ನು ಮುಂದುವರಿಸುವುದಿಲ್ಲವಂತೆ. ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಹನ್ನೊಂದು ವರ್ಷ ಅವರ ಬೋರ್ಡಿನ ಕೆಳಗೆ ಮಕ್ಕಳ ಶೂ ಮಾರಿದ್ದೇನೆ. ಈಗ ಹೊಸ ಮಾಲ್‌ನಲ್ಲಿ ಅವರೇ ದೊಡ್ಡ ಅಂಗಡಿ ತೆರೆಯುತ್ತಾರಂತೆ. ಒಂದೇ ಊರಿನಲ್ಲಿ ಎರಡು ಬೇಡವಂತೆ.

ಹೇಳಲು ಏರಿಯಾ ಮ್ಯಾನೇಜರ್ ಬಂದಿದ್ದರು. ಮಕ್ಕಳು ಕೂರುವ ಪುಟ್ಟ ಸ್ಟೂಲಿನ ಮೇಲೆ ಮಂಡಿ ಮಡಚಿಕೊಂಡು ಕೂತರು. "ಮೇಡಂ, ಇದು ನಿಮ್ಮ ಮೇಲಿನ ದೂರಲ್ಲ, ಮೇಲಿಂದ ಬಂದಿರೋದು" ಅಂದರು. ನಾನು ಸರಿ ಅಂದೆ. "ಏನಾದ್ರೂ ಕೇಳೋದಿದ್ರೆ ಕೇಳಿ" ಅಂದರು. ಟೀ ಕುಡೀತೀರಾ ಎಂದು ಕೇಳಿದೆ.

ಆಮೇಲೆ ಒಪ್ಪಂದದ ಕೊನೆಯ ಪುಟಗಳನ್ನು ಓದಿದರು. ಹೆಸರು, ಗುರುತು, ಗೋಡೆಯ ಹಳದಿ ಬಣ್ಣ, ಪಾದದ ಚಿತ್ರಪಟ, ಅಂಗಡಿ ಕೈಪಿಡಿ, ಎಲ್ಲದರ ಹಕ್ಕುಸ್ವಾಮ್ಯವೂ ಕಂಪನಿಯದು, ಹಿಂದಿರುಗಿಸಬೇಕು. ಕೈಪಿಡಿಯಲ್ಲಿರುವ ವಿಧಾನಗಳು, ತರಬೇತಿಯಲ್ಲಿ ಹೇಳಿಕೊಟ್ಟದ್ದು, ಗಿರಾಕಿಗಳ ಪಟ್ಟಿ ಇವೆಲ್ಲ ಗೌಪ್ಯ. ಒಪ್ಪಂದ ಮುಗಿದ ಮೇಲೂ ಯಾರಿಗೂ ಹೇಳುವಂತಿಲ್ಲ, ಸ್ವಂತಕ್ಕೆ ಬಳಸುವಂತಿಲ್ಲ.

"ನಾನು ಇದೇ ಜಾಗದಲ್ಲಿ ನನ್ನ ಸ್ವಂತ ಶೂ ಅಂಗಡಿ ಇಟ್ಕೋಬಹುದಾ?"

"ಧಾರಾಳವಾಗಿ ಇಟ್ಕೊಳ್ಳಿ ಮೇಡಂ. ಶೂ ಮಾರ್ಬಹುದು. ನಮ್ಮ ಥರ ಮಾರ್ಬಾರ್ದು ಅಷ್ಟೇ."

ಅವರ ಥರ ಅಂದರೆ ನಿನ್ನ ಥರ. ಆ ಕೈಪಿಡಿ ಬರೆದದ್ದು ನನ್ನ ಅಮ್ಮ ಎಂದು ಅವರಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಹೇಳಿ ಆಗುವುದಾದರೂ ಏನು?

ಏಪ್ರಿಲ್‌ನಿಂದ ನನ್ನದೇ ಅಂಗಡಿ. ನೋಡೋಣ.

ನಿನ್ನ
ಕುಳ್ಳಿ


ಫೆಬ್ರವರಿ ೨೦

ಕುಳ್ಳಿ,

ಪತ್ರ ಬಂತು. ಎರಡು ಸಲ ಓದಿದೆ. ಕಿವಿ ಹೋದ ಮೇಲೆ ಕಣ್ಣಿಗೆ ಕೆಲಸ ಜಾಸ್ತಿಯಾಗಿದೆ. ನಿನ್ನ ಅತ್ತಿಗೆ ಏನಾದರೂ ಹೇಳಿ ನಾನು ತಲೆಯಾಡಿಸಿದರೆ, ಒಪ್ಪಿದೆನೋ ಕೇಳಿಸಲಿಲ್ಲವೋ ಎಂದು ಅವಳಿಗೆ ದಿನವಿಡೀ ಅನುಮಾನ. ನನಗೂ ಅದು ಅನುಕೂಲವೇ.

ಅವರು ಕೇಳಿದ್ದನ್ನೆಲ್ಲ ಕೊಟ್ಟುಬಿಡು. ಒಂದೊಂದಕ್ಕೂ ರಸೀದಿ ತೆಗೆದುಕೋ. ಚಿತ್ರಪಟವನ್ನು ಹರಿಯದೆ ಬಿಡಿಸು. ಹರಿದರೆ ಅದಕ್ಕೂ ಒಂದು ಮಾತು ಬರುತ್ತದೆ.

ನಾನು ಆ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಮೊದಲು ಕೌಂಟರಿನಲ್ಲಿ, ಆಮೇಲೆ ಹೊಸಬರಿಗೆ ಕಲಿಸುವ ಕೆಲಸದಲ್ಲಿ. ಹಳೆಯ ಯಜಮಾನರು ಒಂದು ದಿನ ಕರೆದು, "ನೀವು ಹುಡುಗೀರಿಗೆ ಹೇಳ್ಕೊಡೋದನ್ನೆಲ್ಲ ಬರೆದುಕೊಡಿ, ಎಲ್ಲ ಅಂಗಡಿಗೂ ಕಳಿಸೋಣ" ಅಂದರು. ಕ್ಯಾಂಟೀನಿನ ಮೇಜಿನ ಮೇಲೆ ನಾಲ್ಕು ತಿಂಗಳು ಬರೆದೆ. ಕೊನೆಗೆ ಒಂದು ಕಾಗದ ಮುಂದಿಟ್ಟರು: ಕೆಲಸದಲ್ಲಿದ್ದಾಗ ನಾನು ಬರೆದದ್ದೆಲ್ಲ ಕಂಪನಿಯದು ಎಂದು. ಓದದೆ ಸಹಿ ಹಾಕಿದೆ. ಓದಿದ್ದರೂ ಹಾಕುತ್ತಿದ್ದೆ.

ಪುಸ್ತಕ ಅವರದಾಗಲಿ. ನಿನ್ನ ಕೈಯಲ್ಲಿರುವುದನ್ನು ಯಾರು ಕಿತ್ತುಕೊಳ್ಳುತ್ತಾರೆ? ನಾಳೆಯ ಪಾಠವನ್ನು ನಾನು ಹಿಂದಿನ ಸಂಜೆ ಮನೆಯಲ್ಲಿ ನಿನ್ನನ್ನೇ ನಿಲ್ಲಿಸಿಕೊಂಡು ಹೇಳಿ ನೋಡುತ್ತಿದ್ದೆನಲ್ಲ, ನೀನು ಕಲಿತದ್ದು ಅಲ್ಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಏಪ್ರಿಲ್ ೬

ಅಮ್ಮಾ,

ಎಲ್ಲ ಬಿಚ್ಚಿಕೊಂಡು ಹೋದರು. ಇಬ್ಬರು ಕೆಲಸದವರು, ಒಂದು ವ್ಯಾನು, ಒಂದು ಪಟ್ಟಿ. ಬೋರ್ಡು ಇಳಿಸಿದರು. ಅಕ್ಷರಗಳಿದ್ದ ಕಡೆ ಗೋಡೆ ಹೊಸದಾಗಿತ್ತು, ಸುತ್ತಲೂ ಹಳೆಯದು. ಬೋರ್ಡಿಲ್ಲದಿದ್ದರೂ ಹೆಸರು ಓದಬಹುದಿತ್ತು. ಆ ಗೋಡೆಗೆ ಬಿಳಿ ಬಣ್ಣ ಬಳಿಸಿಕೊಂಡೇ ಹೋದರು. ಹಳದಿಯೂ ಅವರದೇ ಅಲ್ಲವೇ.

ಪಾದದ ಚಿತ್ರಪಟವನ್ನು ನಾನೇ ಬಿಡಿಸಿದೆ. ಹರಿಯಲಿಲ್ಲ. ಕೈಪಿಡಿ ಕೊಟ್ಟೆ. ಗಿರಾಕಿಗಳ ಪುಸ್ತಕ ಕೊಟ್ಟೆ. ಹನ್ನೊಂದು ವರ್ಷದಲ್ಲಿ ಯಾವ ಮಗುವಿನ ಪಾದ ಎಷ್ಟು ಬೆಳೆಯಿತು ಎಂದು ಬರೆದಿಟ್ಟ ಪುಸ್ತಕ ಅದು. ಕೆಲವರು ಈಗ ಕಾಲೇಜಿನಲ್ಲಿದ್ದಾರೆ. ಕೆಲಸದವನು "ಇದೂ ಪಟ್ಟೀಲಿದ್ಯಾ ಅಕ್ಕ?" ಎಂದು ನನ್ನನ್ನೇ ಕೇಳಿದ. ಇದೆ ಅಂದೆ.

ಮುಂದಿನ ವಾರ ನನ್ನ ಬೋರ್ಡು ಬರುತ್ತದೆ. "ಮಕ್ಕಳ ಶೂ" ಎಂದಷ್ಟೇ. ಎದುರಿನ ಔಷಧಿ ಅಂಗಡಿಯವರು "ಹೆಸರೇ ಇಲ್ವಲ್ಲಮ್ಮ" ಅಂದರು. ಹೆಸರಿಟ್ಟರೆ ಅದೂ ಯಾರದೋ ಆಗಿರುತ್ತದೆ ಅಂದೆ. ಅವರು ನಕ್ಕರು.

ಅಣ್ಣ ಫೋನಿನಲ್ಲಿ, "ಸುಮ್ನೆ ಬೇರೆ ಏನಾದ್ರೂ ಮಾಡು, ಬಟ್ಟೆ ಅಂಗಡಿ ಇಡು" ಅಂದ. ಕೆಲಸ ಕಷ್ಟವಾದ ಕೂಡಲೇ ಕೈಬಿಡಲು ನಾನೇನು ಅಪ್ಪನೇ? ಅಷ್ಟು ಚೆನ್ನಾಗಿ ಮಕ್ಕಳ ಶೂ ಮಾಡುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟು, ಸಾಯುವತನಕ ಸೂಟ್‌ಕೇಸ್ ರಿಪೇರಿ ಮಾಡಿಕೊಂಡು ಕೂತರು. ಯಾಕೆ ಎಂದರೆ "ಸಾಕಾಯ್ತು" ಅನ್ನುವರು. ನನಗೆ ಸಾಕಾಗುವುದಿಲ್ಲ.

ನಿನ್ನ
ಕುಳ್ಳಿ


ಜೂನ್ ೧೭

ಅಮ್ಮಾ,

ನನ್ನ ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಇರಲಿ. ಈಗ ಉತ್ತರ ಬೇಕೇಬೇಕಾದ ವಿಷಯ.

ಮೇ ಕೊನೆಯಲ್ಲಿ ಒಬ್ಬರು ಐದು ವರ್ಷದ ಹೆಣ್ಣುಮಗುವನ್ನು ಕರೆದುಕೊಂಡು ಬಂದರು. ಹೆಗಲಚೀಲದ ಜೇಬಿನಲ್ಲಿ ಫೋನು ನೆಟ್ಟಗೆ ನಿಂತಿತ್ತು. ನೋಡಿದೆ, ಏನೂ ಅನಿಸಲಿಲ್ಲ. ಎಂದಿನಂತೆ ಮಗುವಿನ ಮುಖ ನೋಡಿ ಮಾತಾಡಿಸಿ, ಆಮೇಲೆ ಕಾಲು ಮುಟ್ಟಿದೆ. ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದೆ, ಮೂರು ಕಡೆ ಗುರುತು ಹಾಕಿದೆ. ಶೂ ತೊಡಿಸಿದೆ. ಮಗು "ಸರಿ ಇದೆ, ಸರಿ ಇದೆ" ಅಂದಿತು. ನಾನು ತಾಯಿಗೆ, "ಹೊಸದು ಬೇಕು ಅನ್ನೋ ಮಗು ಬಿಗಿಯಿದ್ರೂ ಸರಿ ಇದೆ ಅನ್ನತ್ತೆ. ಅದರ ಮಾತು ಕೇಳ್ಬೇಡಿ, ನಡಿಗೆ ಕೇಳಿ" ಅಂದೆ. ನಡೆಸಿ ನೋಡಿ, ಒಂದು ಅಳತೆ ದೊಡ್ಡದು ಕೊಟ್ಟೆ. ಥ್ಯಾಂಕ್ಸ್ ಹೇಳಿ ಹೋದರು.

ಹತ್ತು ದಿನಕ್ಕೆ ಕಂಪನಿಯ ನೋಟಿಸು ಬಂತು. ಎರಡು ಕಾಲಮ್ಮಿನ ಪಟ್ಟಿ. ಎಡಗಡೆ ಅವತ್ತು ನಾನು ಆಡಿದ ಮಾತು, ಬಲಗಡೆ ಕೈಪಿಡಿಯ ವಾಕ್ಯ, ಪುಟದ ಸಂಖ್ಯೆ ಸಮೇತ. ಎರಡೂ ಒಂದೇ. ನಾನು ಎಳೆದ ಗೆರೆಯ ಫೋಟೊ, ಪಕ್ಕದಲ್ಲಿ ಪುಟ ಹದಿನಾಲ್ಕರ ಎಡಪಾದದ ಚಿತ್ರ. ಅದೇ ಮೂರು ಗುರುತು. ಹಕ್ಕುಸ್ವಾಮ್ಯದ ಉಲ್ಲಂಘನೆ, ಗೌಪ್ಯ ಮಾಹಿತಿಯ ದುರುಪಯೋಗ, ಅಂಗಡಿ ಮುಚ್ಚಬೇಕು ಎಂದಿದೆ.

ಒಬ್ಬ ವಕೀಲರನ್ನು ಹಿಡಿದಿದ್ದೇನೆ. ನನಗಿಂತ ಚಿಕ್ಕವರು, ಚುರುಕಾಗಿದ್ದಾರೆ. "ನಿಲ್ಸಿ ಅಳೆಯೋದು ಶೂ ಮಾರೋರಿಗೆಲ್ಲ ಗೊತ್ತಿರೋದು ಅಂತ ವಾದ ಮಾಡ್ಬಹುದು. ಆದ್ರೆ ಮೇಡಂ, ಇಲ್ಲಿ ಮಾತಿಗೆ ಮಾತು ಒಂದೇ ಇದ್ಯಲ್ಲ" ಅಂದರು. "ಕೈಪಿಡಿ ಬಿಟ್ಟು ಬೇರೆ ಕಡೆ ಕಲಿತಿದ್ದು ಅನ್ನೋದಕ್ಕೆ ನಿಮ್ಹತ್ರ ಏನಿದೆ?"

"ನಮ್ಮಮ್ಮ ಇದಾರೆ" ಅಂದೆ.

"ಅಮ್ಮ ದಾಖಲೆ ಆಗಲ್ಲ. ಅವರ ಹೇಳಿಕೆ ಆಗತ್ತೆ."

ಹಾಗಾಗಿ ಒಂದು ಹೇಳಿಕೆ ಬರೆದುಕೊಡು, ಅಮ್ಮಾ. ಮನೆಯಲ್ಲೇ ನೀನು ನನಗೆ ಇದನ್ನೆಲ್ಲ ಕಲಿಸಿದೆ ಎಂದು. ಇದ್ದದ್ದು ಇದ್ದ ಹಾಗೆ.

ನಿನ್ನ
ಕುಳ್ಳಿ


ಜುಲೈ ೨

ಕುಳ್ಳಿ,

ನಿನ್ನ ಪತ್ರ ಬಂದ ನಾಲ್ಕನೆಯ ದಿನವೇ ಕಂಪನಿಯ ಕಡೆಯವರೊಬ್ಬರು ಮನೆಗೆ ಬಂದರು. ಕೈಪಿಡಿ ಬರೆದವಳು ನಾನು, ನೀನು ನನ್ನ ಮಗಳು ಎಂಬುದನ್ನು ಪತ್ತೆ ಹಚ್ಚಿದ್ದಾರೆ. ಸಭ್ಯಸ್ಥರು. ಹೊರಡುವಾಗ ಟೀ ಲೋಟ ತಾವೇ ತೊಳೆದಿಟ್ಟರು.

ಮೊದಲು ಅವರು ಮಾತಾಡಿದರು, ನಾನು ತಲೆಯಾಡಿಸಿದೆ. ಕಿವುಡರ ಮುಂದೆ ಕಿನ್ನರಿ ನುಡಿಸಿದ ಹಾಗೆ. ನಿನ್ನ ಅಣ್ಣ ಹೇಳಿದ ಮೇಲೆ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ತೋರಿಸತೊಡಗಿದರು. ದುಂಡಗಿನ ಅಕ್ಷರ.

ಕೈಪಿಡಿ ಬರೆದದ್ದು ನೀವೇ ಎಂದು ಬರೆದರು. ಹೌದು ಅಂದೆ. ಅದರಲ್ಲಿರುವುದನ್ನು ಕೆಲಸದಲ್ಲಿದ್ದಾಗ ಹೊರಗಿನವರಿಗೆ ಕಲಿಸಿದ್ದೀರಾ ಎಂದು ಬರೆದರು. "ಹೊರಗಿನೋರಿಗೆ ಯಾಕೆ ಕಲಿಸ್ಲಿ, ಮಗಳಿಗೆ ಹೇಳ್ತಿದ್ದೆ" ಅಂದೆ. ಅವರು ನಿಧಾನವಾಗಿ ಬರೆದರು: "ಮಗಳೂ ಹೊರಗಿನವರೇ, ಅಮ್ಮಾ."

ಈಗ ತಿಳಿಯಿತಲ್ಲ. ನಾನು ನಿನಗೆ ಕಲಿಸಿದೆ ಎಂದರೆ ನಾನು ಸಹಿ ಹಾಕಿದ ಕಾಗದವನ್ನು ಮೀರಿದವಳು, ನೀನು ಅದರ ಲಾಭ ಪಡೆದವಳು. ಕಲಿಸಲಿಲ್ಲ ಎಂದರೆ ನೀನು ಕೈಪಿಡಿಯಿಂದ ಕದ್ದವಳು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವರು ಹೋದ ಮೇಲೆ ನಿನ್ನ ಅಣ್ಣ ಏನೋ ಕೂಗಾಡಿದ. ಬಾಯಿ ನೋಡಿದರೆ, "ನಿಂಗ್ಯಾಕೆ ಬೇಕಿತ್ತು" ಅಂದಂತಿತ್ತು. ಸರಿಯಾದ ಪ್ರಶ್ನೆಯೇ.

ಹೇಳಿಕೆಯ ವಿಷಯ ಯೋಚಿಸಿ ಬರೆಯುತ್ತೇನೆ.

ಅಮ್ಮ


ಜುಲೈ ೧೧

ಕುಳ್ಳಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಕಾದರೆ ಬರೆಯಲಾರೆ.

ಪುಟ ಹದಿನಾಲ್ಕು ನನ್ನದಲ್ಲ. ಕೈಪಿಡಿಯ ಅರ್ಧ ಭಾಗ ನನ್ನದಲ್ಲ. ಅದು ನಿಮ್ಮಪ್ಪನದು.

ನೀನು ಹುಟ್ಟುವ ಮೊದಲಿನಿಂದಲೂ ಅವರು ಮುಂದಿನ ಕೋಣೆಯಲ್ಲಿ ಮಕ್ಕಳ ಶೂ ಮಾಡುತ್ತಿದ್ದರು. ಪಕ್ಕದಲ್ಲಿ ಕೂತು ಲೇಸಿನ ತೂತುಗಳಿಗೆ ಲೋಹದ ಪುಟ್ಟ ಬಳೆ ಹಾಕುವುದು ನನ್ನ ಕೆಲಸ. ಮುಖ ನೋಡಿ ಆಮೇಲೆ ಕಾಲು ಮುಟ್ಟು, ಸಂಜೆ ಅಳೆ, ಮಾತು ಕೇಳಬೇಡ ನಡಿಗೆ ಕೇಳು, ಇದೆಲ್ಲ ಅವರು ಬಂದವರಿಗೆ ಹೇಳುತ್ತಿದ್ದ ಮಾತು. ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಕಂಪನಿಯ ಕೌಂಟರಿನಲ್ಲಿ ನಿಂತಾಗ ಅದನ್ನೇ ಹೇಳಿದೆ. ಯಜಮಾನರು, "ಇದೆಲ್ಲ ಎಲ್ಲಿ ಕಲಿತ್ರಿ?" ಅಂದರು. "ಅನುಭವ ಸರ್" ಅಂದೆ. ಆ ಒಂದು ಮಾತು ಹೇಳಿದ್ದಾಯಿತು. ಆಮೇಲೆ ಬದಲಾಯಿಸಲು ಆಗಲಿಲ್ಲ. ಬದಲಾಯಿಸಲು ನೋಡಲೂ ಇಲ್ಲ.

ನಿಮ್ಮಪ್ಪನ ಹತ್ತಿರ ಕಂದು ರಟ್ಟಿನ ಒಂದು ಉದ್ದ ಪುಸ್ತಕವಿತ್ತು. ಪುಟಕ್ಕೊಂದು ಮಗುವಿನ ಪಾದ, ಪಕ್ಕದಲ್ಲಿ ಅವರ ಟಿಪ್ಪಣಿ. ಕೈಪಿಡಿಗೆ ಚಿತ್ರ ಬೇಕು ಎಂದು ಯಜಮಾನರು ಅಂದರು. ಒಂದು ಬೆಳಿಗ್ಗೆ ನಿಮ್ಮಪ್ಪ ಚರ್ಮ ತರಲು ಹೋಗಿದ್ದಾಗ ಪುಸ್ತಕವನ್ನು ಕಪಾಟಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡೆ. ಕೇಳಿದ್ದರೆ ಕೊಡುತ್ತಿದ್ದರೇನೋ. ಕೇಳಲಿಲ್ಲ.

ಅಚ್ಚಾದ ಕೈಪಿಡಿಯನ್ನು ಹೆಮ್ಮೆಯಿಂದ ಮನೆಗೆ ತಂದೆ. ಅವರು ಕೈ ಒರೆಸಿಕೊಂಡು, ಮೊದಲ ಪುಟದಿಂದ ಕೊನೆಯವರೆಗೆ ಓದಿದರು. "ಚೆನ್ನಾಗಿ ಬರ್ದಿದೀಯ" ಅಂದರು. ಕೈಪಿಡಿಯನ್ನು ನನ್ನ ಕೈಗೆ ಕೊಟ್ಟು, "ನನ್ನ ಪುಸ್ತಕ?" ಅಂದರು. ಆಫೀಸಿನಲ್ಲಿದೆ, ತರ್ತೀನಿ ಅಂದೆ. ತರಲಿಲ್ಲ. ಅವರು ಮತ್ತೆ ಕೇಳಲಿಲ್ಲ.

ಮರುವಾರ ಮಗುವನ್ನು ಕರೆದುಕೊಂಡು ಬಂದ ಒಬ್ಬ ಹೆಂಗಸನ್ನು ವಾಪಸು ಕಳಿಸಿದರು. ಯಾಕೆ ಎಂದು ಕೇಳಿದೆ. "ಇನ್ಮೇಲೆ ನಾನು ಬಾಯಿ ಬಿಟ್ರೆ, ಕಂಪನಿ ಪುಸ್ತಕ ನೋಡಿ ಕಲ್ತಿದಾನೆ ಅಂತಾರೆ" ಅಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಆಗ ನಿನಗೆ ಒಂಬತ್ತು ವರ್ಷ. ಹದಿನಾರರಲ್ಲಿ ನೀನು ಅವರ ಮುಖಕ್ಕೇ ಸೋಮಾರಿ ಅಂದೆ. ನಾನು ಬಡಿಸುತ್ತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ನಾನು ಸಾರಿನ ಸೌಟು ಹಿಡಿದುಕೊಂಡು ಸುಮ್ಮನಿದ್ದೆ.

ಇನ್ನೊಂದು ಮಾತು. ಪುಟ ಹದಿನಾಲ್ಕರ ಆ ಎಡಪಾದ ನಿನ್ನದು. ಅಂಗಡಿ ಗೋಡೆಯ ಚಿತ್ರಪಟದಲ್ಲಿದ್ದದ್ದೂ ಅದೇ. ನಿನಗೆ ನಾಲ್ಕು ವರ್ಷವಿದ್ದಾಗ ಬರೆದದ್ದು. ನಾನು ಕಂಪನಿಗೆ ಸೇರುವುದಕ್ಕೆ ಎರಡು ವರ್ಷ ಮೊದಲು.

ಆ ಪುಸ್ತಕ ಕಂಪನಿಯ ಆಫೀಸಿನಲ್ಲಿ ಈಗಲೂ ಇದ್ದರೆ ಮೂಲೆಯಲ್ಲಿ ತಾರೀಕು ಇರುತ್ತದೆ. ನಿಮ್ಮಪ್ಪ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ನಿನ್ನ ವಕೀಲರಿಗೆ ಹೇಳು. ಇದೇ ಮಾತುಗಳನ್ನು ಹೇಳಿಕೆಯಾಗಿ ಬರೆದು ಸಹಿ ಮಾಡಿ, ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ.

ಅಮ್ಮ


ಸೆಪ್ಟೆಂಬರ್ ೨೨

ಅಮ್ಮಾ,

ನಿನ್ನ ಪತ್ರ ಬಂದು ಎರಡು ತಿಂಗಳಿಗಿಂತ ಹೆಚ್ಚಾಯಿತು. ಕೋಪದಿಂದ ಬರೆಯಲಿಲ್ಲ ಎಂದುಕೊಳ್ಳಬೇಡ. ಕೋಪ ಬರಲಿ ಎಂದು ಕಾದೆ. ಬರಲಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದೆ, ಧೂಳು ಹೊಡೆಯುತ್ತಿದ್ದೆ. ಗಿರಾಕಿ ಬಂದರೆ, ಡಬ್ಬಿಯ ಮೇಲಿನ ಸಂಖ್ಯೆ ನೋಡಿ ಶೂ ಕೊಡುತ್ತಿದ್ದೆ. ಅಳೆಯಲು ವಕೀಲರು ಬೇಡವೆಂದಿದ್ದರು. ಮಾತಾಡಲೂ ಬೇಡವೆಂದಿದ್ದರು.

ಪುಸ್ತಕ ತೋರಿಸಿ ಎಂದು ಕಂಪನಿಗೆ ಬರೆದೆವು. ಮೂರು ವಾರ ಉತ್ತರವಿಲ್ಲ. ಆಮೇಲೆ ಅವರೇ ಕರೆದರು. ಮುಖ್ಯ ಕಚೇರಿ, ಐದನೆಯ ಮಹಡಿ, ಗಾಜಿನ ಕೋಣೆ. ಪುಸ್ತಕ ಮೇಜಿನ ಮೇಲಿತ್ತು. ಅಷ್ಟು ವರ್ಷ ಜೋಪಾನವಾಗಿಯೇ ಇಟ್ಟಿದ್ದಾರೆ. ನೋಡಬಹುದು, ಫೋಟೊ ತೆಗೆಯುವಂತಿಲ್ಲ ಅಂದರು. ನನ್ನ ಪುಟ ಸಿಕ್ಕಿತು. ಮೂಲೆಯಲ್ಲಿ ತಾರೀಕು. ಅದರ ಕೆಳಗೆ ಅಪ್ಪನ ಅಕ್ಷರ: "ಕುಳ್ಳಿ. ನಾಲ್ಕು ವರ್ಷ. ನಿಂತ ಕಡೆ ನಿಲ್ಲೋದೇ ಇಲ್ಲ."

ವಕೀಲರು ನನ್ನ ಕಡೆ ನೀರಿನ ಲೋಟ ಸರಿಸಿದರು. ನನಗೆ ಬಾಯಾರಿರಲಿಲ್ಲ. ಕುಡಿದೆ.

ಕಂಪನಿಯವರು ರಾಜಿಗೆ ಬಂದಿದ್ದಾರೆ. ನೋಟಿಸು ವಾಪಸು ತೆಗೆದುಕೊಳ್ಳುತ್ತಾರೆ. ನಾನು ಅಂಗಡಿ ನಡೆಸಬಹುದು, ನನ್ನ ಥರವೇ ಅಳೆಯಬಹುದು. ಅದಕ್ಕೆ ಬದಲಾಗಿ, ಅಪ್ಪನ ವಾರಸುದಾರರಾದ ನಾವು ಮೂವರೂ ಆ ಪುಸ್ತಕ, ಅದರ ಮಾತು, ಚಿತ್ರ, ಎಲ್ಲದರ ಹಕ್ಕನ್ನೂ ಅವರಿಗೆ ಬರೆದುಕೊಡಬೇಕು. ಪುಸ್ತಕ ಅಲ್ಲೇ ಇರುತ್ತದೆ. ಇದು ಅಪ್ಪನದಾಗಿತ್ತು ಎಂದು ಎಲ್ಲಿಯೂ ಹೇಳಬಾರದು, ಬರೆಯಬಾರದು. ಅದೂ ಈಗ ಗೌಪ್ಯ ಮಾಹಿತಿ.

"ಹೋರಾಡಿದ್ರೆ ಗೆಲ್ಬಹುದು" ಅಂದರು ವಕೀಲರು. "ನಾಲ್ಕೈದು ವರ್ಷ ಹಿಡಿಯತ್ತೆ. ನಿಮ್ಮಮ್ಮನ್ನ ಕಟಕಟೇಲಿ ನಿಲ್ಸಿ, ಕಾಗದದ ಮೇಲೆ ಪ್ರಶ್ನೆ ಬರೆದು ಕೇಳ್ತಾರೆ. ಗಂಡನ ಪುಸ್ತಕ ಕದ್ರಾ ಅಂತ ಕೇಳ್ತಾರೆ."

ಸಹಿ ಹಾಕುತ್ತೇನೆ ಅಂದೆ. ನಿನಗೋಸ್ಕರವೋ, ನನಗೋಸ್ಕರವೋ, ಅಂಗಡಿಗೋಸ್ಕರವೋ ಎಂದು ಕೇಳಬೇಡ. ಅಣ್ಣನೂ ಹಾಕಿದ. ನಿನ್ನ ಪ್ರತಿ ಇದರ ಜೊತೆಗಿದೆ. ಈ ಸಲ ಓದಿ ಸಹಿ ಹಾಕು.

ಅಕ್ಟೋಬರ್ ಒಂದರಿಂದ ಇದು ಜಾರಿಗೆ ಬರುತ್ತದೆ. ಆಮೇಲೆ ನಾವು ನಾವೇ ಕೂಡ ಈ ವಿಷಯ ಕಾಗದದ ಮೇಲೆ ಬರೆದುಕೊಳ್ಳುವುದು ಬೇಡವಂತೆ. ಬಾಯಲ್ಲಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ. ಹಾಗಾಗಿ ಕೇಳುವುದಿದ್ದರೆ ಈಗಲೇ ಕೇಳಬೇಕು. ನನಗೆ ಒಂದೇ ಒಂದಿದೆ.

ಹನ್ನೊಂದು ವರ್ಷದ ಹಿಂದೆ ನನ್ನ ಅಂಗಡಿ ತೆರೆದ ದಿನ, ಬಂದವರೆಲ್ಲ ತಿಂಡಿ ತಿನ್ನುತ್ತಿದ್ದಾಗ ಅಪ್ಪ ಎಲ್ಲರಿಗೂ ಬೆನ್ನು ಮಾಡಿ ಗೋಡೆಯ ಚಿತ್ರಪಟದ ಮುಂದೆ ನಿಂತುಬಿಟ್ಟಿದ್ದರು. ಬಹಳ ಹೊತ್ತು. "ಬಂದೋರ ಹತ್ರ ಒಂದು ಮಾತಾಡಿ ಅಪ್ಪ" ಅಂದೆ. "ಹೊರಡ್ತೀನಿ, ಕೆಲ್ಸ ಇದೆ" ಅಂದರು. "ಹೌದು, ಹರಿದ ಸೂಟ್‌ಕೇಸ್‌ಗಳು ಕಾಯ್ತಿರ್ತವೆ ಪಾಪ" ಎಂದು ಎಲ್ಲರ ಮುಂದೆ ಅಂದೆ. ನಾಲ್ಕು ಜನ ನಕ್ಕರು. ನೀನೂ ಅಪ್ಪನ ಜೊತೆ ಬಸ್ಸು ಹತ್ತಿದೆ. ಅದಾದ ಎರಡು ವರ್ಷಕ್ಕೆ ಅಪ್ಪ ಹೋದರು.

ಅವತ್ತು ಬಸ್ಸಿನಲ್ಲಿ ಅವರು ಏನಾದರೂ ಅಂದರಾ? ಅಂದಿದ್ದರೆ ಬರೆ. ಅನ್ನಲಿಲ್ಲವಾದರೆ ಅನ್ನಲಿಲ್ಲ ಎಂದು ಬರೆ. ನನ್ನ ಸಮಾಧಾನಕ್ಕೆ ಏನನ್ನೂ ಸೇರಿಸಬೇಡ.

ನಿನ್ನ
ಕುಳ್ಳಿ


ಸೆಪ್ಟೆಂಬರ್ ೨೮

ಕುಳ್ಳಿ,

ಕಾಗದವನ್ನು ಪೂರ್ತಿ ಓದಿದೆ. ಎರಡು ದಿನ ಹಿಡಿಯಿತು. ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ.

ಬಸ್ಸಿನಲ್ಲಿ ಬಲಗಡೆ ಸೀಟು ಸಿಕ್ಕಿತ್ತು. ಅವರು ಕಿಟಕಿಯ ಪಕ್ಕ ಕೂತಿದ್ದರು. ಅರ್ಧ ದಾರಿಯವರೆಗೆ ಏನೂ ಅನ್ನಲಿಲ್ಲ. ಸೇತುವೆ ದಾಟಿದ ಮೇಲೆ, ಹೊರಗೆ ನೋಡಿಕೊಂಡೇ ಮಾತಾಡಿದರು. ಆಗ ನನ್ನ ಕಿವಿ ಚೆನ್ನಾಗಿತ್ತು.

"ಅಚ್ಚಿನೋರು ಕಿರುಬೆರಳನ್ನ ನೆಟ್ಟಗೆ ಮಾಡ್ಬಿಟ್ಟಿದಾರೆ. ಅವಳದ್ದು ಒಳಗಡೆ ಬಾಗಿತ್ತು. ಆ ಚಿತ್ರ ನೋಡ್ಕೊಂಡು ಶೂ ಮಾಡಿದ್ರೆ ಅವಳಿಗೆ ಕಚ್ಚತ್ತೆ" ಅಂದರು.

ನಾನು, ಕಿಟಕಿ ಮುಚ್ಚಿ, ಧೂಳು ಬರ್ತಿದೆ ಅಂದೆ. ಮುಚ್ಚಿದರು.

ಅಷ್ಟೇ. ಏನನ್ನೂ ಸೇರಿಸಿಲ್ಲ.

ಅಮ್ಮ